ಮುಂದಿನ ಸಾಲಿನ ಸ್ಪಂಜು

ಪರ್ವರಿಯ ಗುಡ್ಡದ ಮ್ಯಾಲ ವಿಧಾನಸಭಾ.
ಅಧಿವೇಶನ ಇಲ್ಲದ ಮೇ ತಿಂಗಳು, ಎ.ಸಿ. ಬಂದ್.
ನಾನು, ಹುಡುಗ ಇಮಾಮಸಾಬ,
ಕಾಂಟ್ರ್ಯಾಕ್ಟರ್ ಪಾಸ್ಕೋಲನ ಸಹಿ ಇದ್ದ ಎರಡು ಪಾಸು.
ನಲವತ್ತು ಕುರ್ಚಿಯ ಹೊಲಿಗಿ ಬಿಚ್ಚಾಕ ಹೋಗಿದ್ವಿ.

ಹಿಂದಿನ ಸಾಲಿನ ಕುರ್ಚಿ ಸವಿಯೂದು ಬೆನ್ನಿನ ಕಡೆ.
ಒರಗಿ ಒರಗಿ, ತಲಿಯೆಣ್ಣಿ ಹತ್ತಿ,
ಬಟ್ಟಿ ಮ್ಯಾಲ ಒಂದೊಂದು ಕರೀ ಚಂದ್ರ.
ಮುಂದಿನ ಸಾಲಿಂದು ಹಂಗಲ್ಲ.
ಬೆನ್ನು ಹೊಸಾದು, ಅಂಗಡ್ಯಾಗಿಂದ ಈಗ ತಂದಂಗ.
ಸವದದ್ದು ತುದಿ,
ಮೊಣಕಾಲ ಹಿಂದ ಬರೋ ನಾಕು ಬೆರಳು ಜಾಗಾ.
ಅಲ್ಲೆ ಸ್ಪಂಜು ಅವಲಕ್ಕಿ ಆಗಿತ್ತು.
ಇವರು ಕುಂತೇ ಇಲ್ಲೋ ಇಮಾಮ, ಅಂದೆ,
ಐದು ವರ್ಷ ಏಳಾಕ ತಯಾರಾಗ್ಯಾರ ಅಷ್ಟ.

ಸಂದಿನಾಗ ಸಿಕ್ಕಿದ್ದು ಗೋಡಂಬಿ ಸಿಪ್ಪಿ,
ಹೊಟ್ಟಿಯುರಿಯ ಒಂದು ಗುಳಿಗಿ, ಅಂಗಿ ಗುಂಡಿ,
ಮಡಚಿದ ಚೀಟಿ.
ಝುವಾರಿ ನಗರಕ್ಕ ಬಂದು ಇಪ್ಪತ್ತು ವರ್ಷ,
ಕೊಂಕಣಿ ಓದಾಕ ಬರ್ತೈತಿ ನನಗ:
'ಹತ್ತು ನಿಮಿಷ ಜಗ್ಗ್ರಿ ಸಾಹೇಬರ, ಅಂಕಿ ಬರಾಕ ಹತ್ಯಾವ.'
ಪಾಪ ಅನಿಸ್ತು.
ನೀರಿನ ಖಾತೆಯೋ, ಮೀನಿನ ಖಾತೆಯೋ,
ಗೊತ್ತಿಲ್ಲದ ಲೆಕ್ಕಕ್ಕ ಗೊತ್ತಿದ್ದವನ ಮಾರಿ ಮಾಡಿ
ಹತ್ತು ನಿಮಿಷ ನಿಂತಿರಬೇಕಲ್ಲ ಒಬ್ಬ ಮನಷ್ಯಾ.

ಎದುರಿನ ಸಾಲಿನಾಗ, ವಿರೋಧ ಪಕ್ಷದವರ ಕುರ್ಚಿಯೊಳಗ
ಇನ್ನೊಂದು ಚೀಟಿ:
'ಹನ್ನೆರಡೂ ಹತ್ತಕ್ಕ ಸಿಟ್ಟು. ಹನ್ನೆರಡೂ ಕಾಲಿಗೆ ಹೊರಗ.
ಕ್ಯಾಂಟೀನಿನಾಗ ಇವತ್ತು ಶಾಕುತಿ.'
ಎರಡೂ ಚೀಟಿದು ಅಕ್ಷರ ಒಂದೇ ಐತಿ ಅಂದ ಇಮಾಮ.
ನಾ ಅನ್ನಲಿಲ್ಲ.

ಊಟದ ಹೊತ್ತಿನಾಗ ಯಾರೂ ಇಲ್ಲದ್ದು ನೋಡಿ
ಮುಖ್ಯಮಂತ್ರಿ ಬಾಜೂಕ ಕುಂತೆ,
ಸ್ಪಂಜಿಲ್ಲದ ಬರೀ ಹಲಗಿ ಮ್ಯಾಲ.
ಮುಂದ ಕುಂತವಗ ತನ್ನವರು ಕಾಣೂದಿಲ್ಲ.
ಕಾಣೂದು ಎದುರಿನವರು.
ತನ್ನವರು ಅಂದ್ರ ಬೆನ್ನ ಹಿಂದಿನ ಸಪ್ಪಳ:
ಮೇಜು ಗುದ್ದೂದು, ಕೆಮ್ಮು, ಪಿಸಪಿಸ,
ಒಂದು ಕುರ್ಚಿ ಸರದ ಸದ್ದು.
ಸರದದ್ದು ಯಾಕೋ, ಎತ್ತಾಗೋ,
ಹೊರಳಿ ನೋಡಿದ್ರ ಅಂಜ್ಯಾನ ಅಂತಾರ.

ಸಂಜಿಗೆ ಸೂಜಿ ಎಣಿಸಿದೆ.
ಹನ್ನೊಂದು ಇರಬೇಕು, ಹತ್ತು.
ಗಾದಿ ಹೊಲಿಯೋ ಡೊಂಕ ಸೂಜಿ, ನೀಲಿ ದಾರ ಪೋಣಿಸಿದ್ದು.
ಆ ದಿನ ಹೊಲಿದದ್ದು ಮುಂದಿನ ಸಾಲು,
ಆ ಕಡೆ ಮೂರು, ಈ ಕಡೆ ಎರಡು.
ಅಂಗೈ ಆಡಿಸಿದ್ವಿ, ಅಯಸ್ಕಾಂತ ತಂದು ಆಡಿಸಿದ್ವಿ.
ಮಾರ್ಷಲ್ ಬಂದು, ಬಾಗಲಾ ಹಾಕಬೇಕು ಏಳ್ರಿ, ಅಂದ.

ಜುಲೈ. ಮಳಿ. ಅಧಿವೇಶನ.
ಬಿರ್ಲಾ ಸ್ಟಾಪಿನ ಬಸಲಿಂಗವ್ವನ ಚಹಾದಂಗಡ್ಯಾಗ
ಟಿ.ವಿ. ಮುಂದ ಜೀವ ಕೈಯಾಗ ಹಿಡಕೊಂಡು ಕುಂತೆ.
ನಮ್ಮ ಓಣಿ ನಳದ ಪ್ರಶ್ನೆ ಬಂತು.
ಮಂತ್ರಿ ಶಾಬೂ ಕೇರಕರ ಎದ್ದು ಓದಿದ:
ಅ) ಹೌದು. ಆ) ಇಲ್ಲ. ಇ) ಪ್ರಶ್ನೆ ಉದ್ಭವಿಸುವುದಿಲ್ಲ.
ಕುಂತ.
ಕುಂತಾವ ಚಟ್ಟನ ಎದ್ದ!
ಮಾರಿ ಕೆಂಪಾಗಿತ್ತು.
'ಇದು ಬರದು ಕೊಟ್ಟ ಉತ್ತರ' ಅಂದ,
'ನಾ ಹೋಗಿ ನಳ ನೋಡಿ ಬಂದು ಹೇಳ್ತೀನಿ.'
ಗುದ್ದಬೇಕೋ ಬ್ಯಾಡೋ ತಿಳೀದ
ಅವನ ಹಿಂದಿನ ಮೇಜು ಎಲ್ಲಾ ಸುಮ್ಮನಾದವು.
ಅಂಗಡಿ ತುಂಬ ಚಪ್ಪಾಳಿ, ಸೀಟಿ.
ನಾ ಒಬ್ಬ ತಲಿ ಬಗ್ಗಿಸಿ ಬಸಿಯೊಳಗಿನ ಚಹಾ ನೋಡಾಕತ್ತಿದ್ದೆ.

ಚೌತಿಗೆ ಮನಿ ಸಾರಿಸುವಾಗ
ಹೆಂಡತಿ ನನ್ನ ಕೆಲಸದ ಚೀಲ ಜಾಡಿಸಿದಳು.
ಅಸ್ತರಿನಾಗ ಸಿಕ್ಕೊಂಡಿತ್ತು ಸೂಜಿ,
ನೀಲಿ ದಾರ ಸಮೇತ.

ಇಮಾಮಗ ಇನ್ನೂ ಹೇಳಿಲ್ಲ.
ನಳಕ್ಕ ನೀರೂ ಬಂದಿಲ್ಲ.
ಕೇರಕರನ್ನ ಕೊನೀ ಸಾಲಿಗೆ ಹಾಕ್ಯಾರಂತ,
ಕಂಬದ ಬಾಜೂಕಿನ ಕುರ್ಚಿ.
ಅದರ ಬೆನ್ನು ನಾನೇ ತುಂಬೀನಿ.
ಮೆತ್ತಗೈತಿ.