ಉಗುರಿನ ಬಣ್ಣ

ಅಕ್ಕಲಕೋಟೆ ರಸ್ತೆಯ ನಮ್ಮ ಟಾವೆಲ್ ಕಾರಖಾನೆಗೆ
ಬಣ್ಣದ ಮಾಸ್ತರ ಬೇಕಾಗಿದ್ದಾನೆಂದು
ಮೂರು ಭಾಷೆಯಲ್ಲಿ ಬರೆದು ಗೇಟಿಗೆ ಅಂಟಿಸಿದವಳು ನಾನೇ.
ಕನ್ನಡದ ಸಾಲು ಕೊನೆಗೆ,
ಜಾಗ ಸಾಲದೆ ತುಸು ಸಣ್ಣಗೆ.

ಅವನು ಬಂದದ್ದು ಗುರುವಾರ, ಅವರ ಕಡೆ ಕರೆಂಟಿಲ್ಲದ ದಿನ,
ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು.
ಕೂಡ್ರಿ ಅಂದೆ. ಕೂತ. ಕೈ ಹೊರಗೆ ಬರಲಿಲ್ಲ.
ನೀರು ಕೊಟ್ಟೆ. ಬ್ಯಾಡ್ರಿ ಅಂದ,
ಏಪ್ರಿಲ್ ತಿಂಗಳ ಸೊಲ್ಲಾಪುರದಲ್ಲಿ!
ಸಹಿ ಮಾಡಲೇಬೇಕಾಗಿ ಬಂದಾಗ ತೆಗೆದ.
ಹತ್ತೂ ಉಗುರಿನ ಬುಡದಲ್ಲಿ ನೀಲಿ.

ಈ ಊರಿನಲ್ಲಿ ಆ ನೀಲಿ ಒಂದೇ ತೊಟ್ಟಿಯದು.
ಯಾವ ಮಿಲ್ಲು, ಯಾವ ಪಾಳಿ, ಯಾರ ಕೈಕೆಳಗೆ
ಎಂದು ತಿಳಿಯಲು ಬಯೋಡಾಟಾ ಬೇಕಿಲ್ಲ.
ನಾನು ಓದಿಬಿಟ್ಟೆ.
ಓದಿದ್ದನ್ನು ಅವನು ನೋಡಿದ.

"ಅಕ್ಕಾರ, ನಮ್ಮ ಮಾಲಕರಿಗೆ ಗೊತ್ತಾದ್ರ
ಇಲ್ಲಿ ಸಿಗೂದು ಹಂಗಿರಲಿ, ಅಲ್ಲೀದೂ ಹೋಗ್ತದ.
ಮಗಳ ಫೀ ಇನ್ನೊಂದು ಕಂತು ಉಳದದ."

ಹನ್ನೊಂದೂವರೆಗೆ ಬರಬೇಕಿದ್ದ ಇನ್ನೊಬ್ಬ
ಅದೇ ತೊಟ್ಟಿಯ ಆಚೆ ದಂಡೆಯವನು.
ಒಂದೇ ಬೆಂಚಿನ ಮೇಲೆ ಎದುರಾದರೆ
ಇಬ್ಬರೂ ಕಳ್ಳರಂತೆ ಬೆವರುತ್ತಾರೆ.
ಫೋನು ಹಚ್ಚಿ ಅವನನ್ನು ನಾಲ್ಕಕ್ಕೆ ತಳ್ಳಿದೆ,
ಇವನನ್ನು ನೂಲಿನ ಗೋದಾಮಿನ ಬಾಗಿಲಿಂದ ಕಳಿಸಿದೆ.

ನನಗಿಂತ ಮುಂಚೆ ಈ ಖುರ್ಚಿಯಲ್ಲಿದ್ದ ಬಿರಾಜದಾರ
ಹಳೆಯ ಅರ್ಜಿಗಳನ್ನೆಲ್ಲ ಕಟ್ಟು ಕಟ್ಟಿ
ಕಿಲೋಗೆ ಹನ್ನೊಂದರಂತೆ ರದ್ದಿಗೆ ಹಾಕಿದ್ದ.
ಎಸ್‌ಟಿ ಸ್ಟ್ಯಾಂಡಿನಲ್ಲಿ ಒಂದು ಸಂಜೆ
ಶೇಂಗಾ ತಿನ್ನುತ್ತ ಪೊಟ್ಟಣದ ಒಳಮೈ ಓದಿದೆ:
ಹೆಂಗಸು. ವಯಸ್ಸು ಮೂವತ್ನಾಲ್ಕು. ವಿಧವೆ.
ಪೂರ್ತಿ ಮನೆ ನಂಬರು, ಬೋಳದ ಹಿಂದಿನ ಓಣಿ.
ಈಗಿನ ಕೆಲಸ ಬಿಡಲು ಕಾರಣ...
ಅಲ್ಲಿಗೆ ಕಾಗದ ಹರಿದಿತ್ತು, ಉಪ್ಪು ಮೆತ್ತಿತ್ತು.

ಶೇಂಗಾ ಮುಗಿದು ಬಸ್ಸೂ ಬಂತು.
ಪೊಟ್ಟಣ ಎಸೆಯಲು ಕೈ ಬರಲಿಲ್ಲ.
ಅಂದಿನಿಂದ ಕಪಾಟಿನ ಕೀಲಿ ನನ್ನ ಸೆರಗಿಗೆ,
ಬೇಡವಾದ ಅರ್ಜಿಗಳು ಬಣ್ಣದ ಬಕೀಟಿಗೆ.
ಒಂದು ರಾತ್ರಿ ನೆನೆದರೆ ಸಾಕು,
ಹೆಸರು, ಜಾತಿ, ಪಗಾರ ಎಲ್ಲ ಒಂದೇ ಮುದ್ದೆ.

ಮರುದಿನ ಫೋನು. ಅವನ ಮಾಲಕರದ್ದೇ, ಬೆಲ್ಲದ ದನಿ:
"ಏನವ್ವಾ ಮಹಾನಂದಾ, ಆ ಕಡೆ ನಮ್ಮಂವ ಯಾರರೆ ಬಂದಿದ್ರೇನ?
ನಾನು ನಿಮ್ಮ ಸಾಹುಕಾರು ಒಂದ ತಾಟಿನ್ಯಾಗ ಉಂಡವ್ರು."

ಇಲ್ಲ ಅನ್ನಬಹುದಿತ್ತು. ಸುಲಭ.
ಆದರೆ ಇಂದು ಇಲ್ಲ ಅಂದು, ನಾಳೆ ಇನ್ನೊಬ್ಬನ ಬಗ್ಗೆ ಕೇಳಿದಾಗ
ಸುಮ್ಮನಾದರೆ, ಆ ಸುಮ್ಮನೇ ಬಾಯಿಬಿಡುತ್ತದೆ.
"ಬಂದವ್ರದ್ದೂ ಹೇಳೂದಿಲ್ರಿ, ಬರದವ್ರದ್ದೂ ಹೇಳೂದಿಲ್ರಿ.
ನಾಳೆ ನಾನ ನಿಮ್ಮಲ್ಲಿ ಅರ್ಜಿ ಹಾಕಿದ್ರ
ನೀವೂ ಹೇಳಬ್ಯಾಡ್ರಿ."
ನಕ್ಕರು. ಇಟ್ಟರು.
ಕಿವಿ ಊಟದ ತನಕ ಬಿಸಿ ಇತ್ತು.

ಅವನಿಗೆ ಕೆಲಸ ಸಿಗಲಿಲ್ಲ.
ಪಗಾರ ಹೊಂದಲಿಲ್ಲವೆಂದು ಸಾಹುಕಾರರು
ಅಡಿಕೆ ಕಡಿಯುತ್ತಲೇ ಹೇಳಿ ಮುಗಿಸಿದರು.
ತಿಳಿಸಲು ಫೋನು ಹಚ್ಚಿದೆ.
"ರಾಂಗ್ ನಂಬರ್ರಿ" ಅಂದ,
ಹಿಂದೆ ಬಾಯ್ಲರಿನ ಸದ್ದು, ಯಾರದೋ ಬೈಗುಳ.
ಹೀಗಂದರೆ ಇಟ್ಟುಬಿಡಬೇಕೆಂದು ನಮ್ಮಲ್ಲಿ ಮಾತಾಗಿತ್ತು.
ಇಟ್ಟೆ.
ರಾತ್ರಿ ಒಂಬತ್ತಕ್ಕೆ ತಾನೇ ಮಾಡಿದ, ಕೇಳಿದ,
"ಇರಲಿ ಬಿಡ್ರಿ" ಅಂದ,
ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಫೋನು ಇಡಲಿಲ್ಲ.

ಈಗಲೂ ಅದೇ ತೊಟ್ಟಿಯ ಮುಂದೆ ನಿಂತಿದ್ದಾನೆ.
ಮುಕಾದಮ ಅವನಿಗೆ ಚಹಾ ಹೇಳುತ್ತಾನೆ, ಎಂದಿನಂತೆ.
ಒಂದು ದಿನ ಅವನು ಅಲ್ಲಿರಲಿಲ್ಲವೆಂಬುದು
ಅಲ್ಲಿ ಯಾರಿಗೂ ಗೊತ್ತಿಲ್ಲ.

ಇದನ್ನು ಓದಿ ಯಾರಾದರೂ
ಉಗುರು ನೋಡುತ್ತ ಹೊರಟಾರು.
ಅದಕ್ಕೇ ಹೇಳಿಬಿಡುತ್ತೇನೆ:
ಗುರುವಾರವಲ್ಲ. ಫೀ ಮಗಳದ್ದಲ್ಲ.
ನೀಲಿ ಅಂದೆನಲ್ಲ,
ಅದು ನೀಲಿಯಾಗಿರಲಿಲ್ಲ.