ಐದು ಕಿಟಕಿಯ ಕಾಗದ

ಆ ಕಾಗದಕ್ಕೆ ಐದು ಕಿಟಕಿ.
ಎಣಿಸಿದ್ದೇನೆ. ಕಿರುಬೆರಳು ತೂರಿಸಿಯೂ ನೋಡಿದ್ದೇನೆ.
ಮೊಗ್ರಾಲಿನಲ್ಲಿ, ಉಮ್ಮಾಲಿಮ್ಮನ ಜಗಲಿಯಲ್ಲಿ,
ನಾಲ್ಕನೇ ಕ್ಲಾಸಿನ ನಾನು ಓದುವವನು,
ಅವಳು ಮೀನಿನ ಕೈ ತೊಳೆದು ಬಂದು ಕೂತವಳು.
ಗಂಡ ಪೋಕರ್ ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಎತ್ತುವವನು;
ಕುಂಬಳೆ ಶಾಲೆಯಲ್ಲಿ ಮೂರು ವರ್ಷ ಕಲಿತ ಕನ್ನಡವೊಂದೇ
ಅವನಿಗೆ ಗೊತ್ತಿದ್ದ ಬರವಣಿಗೆ.
ಅದನ್ನು ನಾನು ಓದಬೇಕು,
ಅವಳ ಮಲಯಾಳಕ್ಕೆ ದಾಟಿಸಬೇಕು.
ಕೂಲಿ ಒಂದು ತುಂಡು ಓಲೆಬೆಲ್ಲ.

"ನಾವು ಈಗ ಇರುವುದು" ಕಿಟಕಿ.
"ಏಳು ರಾತ್ರಿ ಬಿಡದೆ" ಕಿಟಕಿ.
"ಬೆಳಿಗ್ಗೆ ನೋಡಿದರೆ ಒಂದು ಮನೆಗೆ ಎದುರಿನ ಗೋಡೆ ಇಲ್ಲ.
ಮಹಡಿಯಲ್ಲಿ ಮಂಚ, ಮಡಚಿದ ಹೊದಿಕೆ ಮಡಚಿದ ಹಾಗೇ.
ಒಳಗೆ ಅಂಟಿಸಿದ ಹೂವಿನ ಕಾಗದ ಬೀದಿಗೆಲ್ಲ ಕಾಣುತ್ತದೆ.
ಒಬ್ಬಳು ಮುದುಕಿ ಮೆಟ್ಟಿಲು ಗುಡಿಸುತ್ತಿದ್ದಳು.
ಆ ಮೆಟ್ಟಿಲು ಎಲ್ಲಿಗೂ ಹೋಗುವುದಿಲ್ಲ.
ಹಾಲಿನವನು ಇಟ್ಟಿಗೆಯ ರಾಶಿ ಹತ್ತಿ ಇಳಿದು
ಬಾಗಿಲಿಲ್ಲದ ಹೊಸಿಲಲ್ಲಿ ಸೀಸೆ ಇಟ್ಟು ಹೋದ.
ನಮ್ಮ ಕೋಣೆಯ ಬೀರಾನ್" ಕಿಟಕಿ.
"ಆದರೆ ನೀನು ಚಿಂತೆ ಮಾಡಬೇಡ."

ತೂತಿನಲ್ಲಿ ಏನಿದೆ ಮೋನೇ, ಎಂದಳು.
ಕಾಗದದಾಚೆ ಅವಳ ಕಿವಿಯ ಅಲಿಕತ್ತು ಹೊಳೆಯುತ್ತಿತ್ತು.

ಹತ್ತು ವರ್ಷದ ನಾಲಗೆ. ತುಂಬಿಸಿದೆ.
ಇರುವುದು ಒಂದು ಕೆರೆಯ ಬದಿ ಎಂದೆ. ಕೆರೆ ತುಂಬ ಬಾತು.
ಏಳು ರಾತ್ರಿ ಬಿಡದೆ ಮಳೆ ಎಂದೆ,
ಮಳೆಗೇ ಗೋಡೆ ಬಿದ್ದದ್ದು ಎಂದೆ
(ನಮ್ಮದೂ ಆ ಆಟಿಯಲ್ಲಿ ಕುಸಿದಿತ್ತು).
ಬೀರಾನನಿಗೆ? ಮದುವೆ ಎಂದೆ.
ನಕ್ಕಳು. ಬೆಲ್ಲ ಎರಡು ತುಂಡು.

ಮರುವರ್ಷ ನಮಗೂ ಬಂತು ಕತ್ತಲೆಯ ಹುಕುಂ.
ಕಡಲ ಕಡೆಗೆ ದೀಪ ಕಾಣಬಾರದು;
ಕಾಕಿ ಚಡ್ಡಿಯವರು ಸೀಟಿ ಊದುತ್ತ ಹೊಯಿಗೆಯಲ್ಲಿ ಓಡಾಡುವರು.
ಉಮ್ಮಾಲಿಮ್ಮ ಚಿಮಣಿಗೆ ಗೆರಟೆ ಕವುಚಿ
ಸಂದಿಗೆ ಕಾಗದ ಹಿಡಿದು ಕೂರುವಳು,
ಮೊಣಕಾಲ ಮೇಲೆ ಐದು ತುಂಡು ಬೆಳಕು.
ನೋಡಲ್ಲಿ, ನಿನ್ನ ಬಾತು.

ನನಗೆ ಹೊಳೆದದ್ದು ತಡವಾಗಿ,
ಮೀಸೆ ಬಂದ ಮೇಲೆ:
ಕತ್ತರಿ ಎಲ್ಲೂ ತಪ್ಪಿರಲಿಲ್ಲ.
ಮೇಲಿನ ಸಾಲಿನ ಒತ್ತಕ್ಷರವೊಂದಕ್ಕೂ ಗಾಯವಿಲ್ಲ.
ಅಂದರೆ ಅಲ್ಲಿ, ಆ ಬೆಂಕಿಯ ಊರಿನಲ್ಲೋ ಪಕ್ಕದ ಊರಿನಲ್ಲೋ,
ಯಾರೋ ಕನ್ನಡ ಬಲ್ಲವರು ಕೂತಿದ್ದರು.
ಬಳ್ಳಾರಿಯಲ್ಲಿ ನರೆತ ಪಾದ್ರಿಯೋ,
ಆಯಾಳ ಸೊಂಟದಲ್ಲಿ ಮಾತು ಕಲಿತ ಕಲೆಕ್ಟರನ ಮಗಳೋ,
ಗಾಜು ಹೋದ ಕಿಟಕಿಗೆ ರಟ್ಟು ಬಡಿದು, ಕೋಟು ಬಿಚ್ಚದೆ,
ಊರು ಕತ್ತರಿಸಿ, ರಾತ್ರಿ ಕತ್ತರಿಸಿ,
ಬೀರಾನನನ್ನು ಕತ್ತರಿಸಿ,
"ಗುಡಿಸುತ್ತಿದ್ದಳು" ಎಂಬಲ್ಲಿ ಕೈ ತಡೆದು
ಮುದುಕಿಯನ್ನು ಉಳಿಸಿಕೊಂಡವರು.
ಹಾಲಿನವನನ್ನೂ.

ಪೋಕರ್ ಬಂದ, ಯುದ್ಧ ಮುಗಿದ ಮರುವರ್ಷ.
ಎಡಗಿವಿ ಇಲ್ಲ.
ತೆಂಗಿನಕಾಯಿ ಬಿದ್ದರೆ ಗೋಡೆಗೆ ಒರಗಿ ತಲೆ ಮುಚ್ಚಿಕೊಳ್ಳುವನು,
ಆಮೇಲೆ ಕಾಯಿ ಹೆಕ್ಕಲು ಹೋದವನ ಹಾಗೆ ಎದ್ದು ಹೋಗುವನು.
ಊರ ಹೆಸರು ಕೇಳಿದರು. ಹೇಳಿದ.
ಲಿವರ್ಪೂಲು.
ನಾಲ್ಕಕ್ಷರ, ಮೊದಲ ತೂತಿಗೆ ಸರಿಯಾಗಿ ಕೂತಿತು.
ಉಮ್ಮಾಲಿಮ್ಮನಿಗೆ ಅದು ಬೇಡ.
ಆ ಬಾತುಗಳು? ಬೀರಾನನ ಹೆಣ್ಣು ಬಿಳಿಯೋ, ನಮ್ಮ ಹಾಗೋ?

ನಾನು ಕಂಬ ಹಿಡಿದು ನಿಂತಿದ್ದೆ.
ಅವನು ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ,
ಕಾವಲಿಯಲ್ಲಿ ಮೀನು ಮಗುಚಿ ಹಾಕುವಷ್ಟು.
ಬಿಳಿ, ಎಂದ. ಬಾತೂ ಬಿಳಿ, ಅವಳೂ ಬಿಳಿ.

ಆಮೇಲೆ ಬಾವಿಕಟ್ಟೆಯ ಹತ್ತಿರ, ಮೆಲ್ಲಗೆ, ಕನ್ನಡದಲ್ಲಿ:
"ಕೆರೆ ಎಷ್ಟು ದೊಡ್ಡದು ಅಂತ ಹೇಳಿದ್ದೆ ಮಾರಾಯ?
ನಾಳೆಯೂ ಕೇಳುತ್ತಾಳೆ."