ಅರ್ಧ ಸೂರ್ಯಕಾಂತಿ

ಮೂರು ಶನಿವಾರ ಪಾಳಿ ಮುಗಿಸಿ ಹೋದೆ
ಶಿವರಾಂಪೇಟೆಯ ಜಬೀವುಲ್ಲಾನ ಅಂಗಡಿಗೆ,
ಟ್ಯೂಬುಗಳು ಪಡವಲಕಾಯಿಯ ಹಾಗೆ ತೂಗುವಲ್ಲಿಗೆ.
"ಯಾರಿಗೆ ಮೇಡಂ, ಮಗನಿಗಾ?"
ನನಗೆ, ಎಂದೆ.
ಚಹಾದ ಲೋಟ ಆಚೆ ಸರಿಸಿ ಎದ್ದು ನಿಂತ.

ಬೇಕಾದದ್ದು ಇಷ್ಟೇ:
ವಾರವಿಡೀ ಸೀರೆಯುಟ್ಟು ಮಾನಂದವಾಡಿ ರಸ್ತೆಯ
ರೇಷ್ಮೆ ಕಾರ್ಖಾನೆಯ ಗೇಟಿನವರೆಗೆ,
ಬರುವಾಗ ಹತ್ತು ಕೆಜಿ ಅಕ್ಕಿ,
ಒಮ್ಮೊಮ್ಮೆ ರಿಪೇರಿಯಾದ ಇಂದ್ರಮ್ಮನ ಮಿಕ್ಸಿ;
ರಜೆ ನಾಲ್ಕು ಒಟ್ಟಿಗೆ ಬಿದ್ದರೆ
ಮಳವಳ್ಳಿ, ಶಿವನಸಮುದ್ರ, ಕೊಳ್ಳೇಗಾಲ, ಹನೂರು,
ಮಾದಪ್ಪನ ಬೆಟ್ಟದ ಬುಡದವರೆಗೆ,
ಬುಡದಿಂದ ಮೇಲಕ್ಕೂ, ಕಾಲು ಉಘೇ ಎಂದರೆ.
ಇದಕ್ಕೆಲ್ಲ ಒಂದೇ ಸೈಕಲ್ಲು.
ಎರಡು ನಿಲ್ಲಿಸಲು ನಮ್ಮ ವಠಾರದಲ್ಲಿ ಗೋಡೆಯಿಲ್ಲ.

ಸೋದರಳಿಯ ಸುಹೇಲ್ ಮೊದಲು ತೋರಿಸಿದ್ದು ಕೆಂಪನೆಯದು,
ಶ್ಯಾವಿಗೆಯಂಥ ಟೈರು.
ಕಿರುಬೆರಳಲ್ಲೇ ಎತ್ತಿದ: "ಒಂಬತ್ತೇ ಕೆಜಿ ಆಂಟೀ!"
ಕ್ಯಾರಿಯರ್ ಎಲ್ಲಿ ಕೂರುತ್ತೆ?
ಕೂರಿಸಲು ಅದಕ್ಕೆ ತೂತೇ ಇಲ್ಲ.
ನಾನು ಎತ್ತಬೇಕಾದದ್ದು ಅಕ್ಕಿಯನ್ನು, ಸೈಕಲ್ಲನ್ನಲ್ಲ.

ಇನ್ನೊಂದಕ್ಕೆ ಮುಂಗಾಲಲ್ಲಿ ಸ್ಪ್ರಿಂಗು.
ತುಳಿದಂತೆಲ್ಲ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿತ್ತು
ಚುನಾವಣೆಗೆ ನಿಂತವನ ಹಾಗೆ.
ನನ್ನ ಉಸಿರೆಲ್ಲ ಅದರ ವಿನಯಕ್ಕೇ ಖರ್ಚು.

ಮೂರನೆಯ ಶನಿವಾರ ಕರೆಂಟು ಹೋಗಿತ್ತು.
ಹಿಂಗೋಡೆಯ ಕತ್ತಲಿಂದ ಏನನ್ನೋ ಇಳಿಸಿ
ಜಬೀವುಲ್ಲಾ ಚಕ್ರ ತಿರುಗಿಸಿದ.
ಇಪ್ಪತ್ತೆರಡು ವರ್ಷ ಮಗ್ಗದ ಸದ್ದಿನಲ್ಲಿ ನಿಂತ ಕಿವಿ ಇದು,
ಹಾಸಿನಲ್ಲಿ ಒಂದೆಳೆ ಹರಿದರೂ ತಿರುಗಿ ನೋಡುತ್ತದೆ.
ಚಕ್ರ ತಿರುಗಿತು, ತಿರುಗಿತು,
ಎಲ್ಲೂ ಎಡವಲಿಲ್ಲ.

"ಉಕ್ಕು ಮೇಡಂ. ತೂಕ ಇದೆ, ಸುಳ್ಳು ಹೇಳಲ್ಲ.
ಮುರಿದರೆ ಹನೂರಲ್ಲಿ ಗೇಟು ಮಾಡೋನೂ ಬೆಸೀತಾನೆ.
ಇಪ್ಪತ್ತಾರು ಇಂಚು, ಒಂದೂಮುಕ್ಕಾಲು ದಪ್ಪ,
ಪಂಕ್ಚರ್ ಹಾಕೋ ಊರಲ್ಲೆಲ್ಲ ಟ್ಯೂಬ್ ಸಿಗುತ್ತೆ.
ಆ ಕೆಂಪಿದೆಯಲ್ಲ, ಅದಕ್ಕೆ ಬೆಂಗಳೂರಿಗೆ ಫೋನ್ ಮಾಡಬೇಕು."
ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು.
ತೀರಾ ಹಗುರಕ್ಕೆ ಇಳಿಸಿದರೆ
ನಡೆಯುವವರೂ ನಮ್ಮನ್ನು ದಾಟಿಹೋಗುತ್ತಾರಂತೆ.
ಹೋಗಲಿ ಬಿಡಿ, ಎಂದೆ.

ಚೈನ್ ಕವರ್?
ಸುಹೇಲ್ ನಕ್ಕ: "ಗೇರ್ ಸೈಕಲ್ಲಿಗೆ ಯಾರಾಂಟೀ ಹಾಕಿಸ್ತಾರೆ?"

ಸೀರೆ ಉಡುವವರು.
ಒಂಬತ್ತನೇ ಕ್ಲಾಸಿನಲ್ಲಿ, ಅಗ್ರಹಾರದ ಸರ್ಕಲ್ಲಿನಲ್ಲಿ,
ಲಂಗ ಕಚ್ಚಿ ಕೆಡವಿತ್ತು ಚೈನು.
ಹೂವಿನವಳು ಕತ್ತರಿ ತಂದು ಬಿಡಿಸುವವರೆಗೆ
ಬಸ್ಸಿನವರೆಲ್ಲ ಇಣುಕಿ ನೋಡಿದರು.
ಮರುದಿನವೇ ಅಪ್ಪ ಸೈಕಲ್ಲು ಮಾರಿದ.
ಆಮೇಲೆ ಓಡಿಸಿದ್ದೆಲ್ಲ ಎರವಲು:
ತಮ್ಮನದು, ಇಂದ್ರಮ್ಮನ ಗಂಡನದು,
ಕೊಟ್ಟವರ ಗಡಿಯಾರ ನೋಡಿಕೊಂಡು.

ಇದನ್ನೆಲ್ಲ ಅಂಗಡಿಯಲ್ಲಿ ಹೇಳಲಿಲ್ಲ.
ಜಬೀವುಲ್ಲಾ ಗೇಣಲ್ಲಿ ಅಳೆದ,
ಖಾಲಿ ಎಣ್ಣೆಡಬ್ಬ ಕತ್ತರಿಸಿ, ಅಂಚು ಮಡಿಸಿ ಬಡಿದು,
ಗೇರು ಆಡಲು ಕೆಳಗೆ ಜಾಗ ಬಿಟ್ಟು
ಮೇಲರ್ಧಕ್ಕೆ ಮುಚ್ಚಳ ಕೂರಿಸಿದ.
ಅದರ ಮೇಲಿನ್ನೂ ಇದೆ
ಡಬ್ಬದ ಸೂರ್ಯಕಾಂತಿ, ಅರ್ಧ.

ಭಾನುವಾರ ಬೆಳಗ್ಗೆ ಆರಕ್ಕೆ ಹಾಲಿಗೆಂದು ಹೊರಟೆ.
ಹಾಲು ಕೊಂಡೆ.
ಎಡಕ್ಕೆ ತಿರುಗಬೇಕಿತ್ತು.

ಕಿರಂಗೂರು ದಾಟಿ, ನಾಲೆಯ ಏರಿ ಹಿಡಿದು,
ಟ್ರ್ಯಾಕ್ಟರು ಚೆಲ್ಲಿದ ಕಬ್ಬಿನ ರವುದಿಯ ಮೇಲೆ
ದಪ್ಪ ಟೈರು ಮೆತ್ತಗೆ ಅಗಿಯುತ್ತ ಸಾಗಿತು.
ಆಲೆಮನೆಯ ಮುಂದೆ ಒಬ್ಬಾಕೆ ತಡೆದಳು:
"ಎಲ್ಲಿಗವ್ವ, ಒಬ್ಬಳೇ?"
ಹಾಲು ತರೋಕೆ ಬಂದೆ, ಮೈಸೂರಿಂದ.
"ಅಲ್ಲೆಲ್ಲೂ ಎಮ್ಮೆ ಇಲ್ವಾ?" ಅಂದು
ಬಿಸಿ ಬೆಲ್ಲದ ಅಚ್ಚೊಂದನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು.
ಕ್ಯಾರಿಯರ್ ಮಾತಾಡದೆ ಹೊತ್ತಿತು.

ಮನೆ ತಲುಪಿದಾಗ ಹಾಲು ಒಡೆದಿತ್ತು.
ಬೆಲ್ಲ ಹಾಕಿ ಕಾಯಿಸಿ
ಇಂದ್ರಮ್ಮನಿಗೂ ಒಂದು ಬಟ್ಟಲು ಕೊಟ್ಟೆ.
ಆಮೇಲೆ ಬಾಗಿಲ ಬೆಳಕಿನಲ್ಲಿ ನಿಂತು
ಸೀರೆಯಂಚನ್ನು ಪೂರ್ತಿ ತಿರುಗಿಸಿ ನೋಡಿದೆ.
ಒಂದೇ ಕಡೆ, ಕಡಲೆಕಾಳಿನಷ್ಟು, ಕಪ್ಪು.
ತೊಳೆಯಲಿಲ್ಲ ಇನ್ನೂ.